ರೊಕ್ಕಲಾನಾದ ಗೋಪುರ, ಬಾವಿಪಾಳ್ಯದ ಬಾವಿ

ಇಟಲಿ ದೇಶದಲ್ಲಿ ರೊಕ್ಕಲಾನಾ ಎಂದು ಒಂದು ಊರು. ಬೆಟ್ಟದ ನೆತ್ತಿಯ ಮೇಲೆ ಕೂತಿದೆ. ಜನ ಎಂಟುನೂರ ಹನ್ನೆರಡು. ಅಷ್ಟು ಜನಕ್ಕೆ ಒಬ್ಬ ಮೇಯರು, ಒಂದು ಗೋಪುರ, ಒಂದು ಕೋಟೆಗೋಡೆ, ಒಂದು ಸೇತುವೆ, ಆರುನೂರ ಎಪ್ಪತ್ತು ವರ್ಷದ ಚರಿತ್ರೆ. ತಲೆಗೆ ಹಂಚಿದರೆ ಒಬ್ಬೊಬ್ಬರಿಗೂ ಮುಕ್ಕಾಲು ವರ್ಷಕ್ಕಿಂತ ಹೆಚ್ಚೇ ಚರಿತ್ರೆ ಬರುತ್ತದೆ.

ಕೊಯಮತ್ತೂರು ಜಿಲ್ಲೆಯಲ್ಲಿ, ಕರುಮತ್ತಂಪಟ್ಟಿ ದಾಟಿದ ಮೇಲೆ, ಕಿಣತ್ತುಪಾಳೆಯಂ ಎಂದು ಇನ್ನೊಂದು ಊರು. ಮನೆಯೊಳಗೆ ಕನ್ನಡ ಆಡುವವರು ಅದನ್ನು ಬಾವಿಪಾಳ್ಯ ಎನ್ನುತ್ತಾರೆ. ಜನ ಹನ್ನೊಂದು ಸಾವಿರ. ಮಗ್ಗ ಮೂರು ಸಾವಿರ. ಚರಿತ್ರೆ ಸೊನ್ನೆ. ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. 2007ನೇ ಇಸವಿ, ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಲ್ಲಿ ಇದ್ದಕ್ಕಿದ್ದಂತೆ ಬೇಕಾಯಿತು.

ಆದದ್ದು ಇಷ್ಟು. ರೊಕ್ಕಲಾನಾದ ಮೇಯರಿಗೆ ಮೇಯರಗಿರಿಯ ಜೊತೆಗೆ ಬನಿಯನ್ ವ್ಯಾಪಾರವೂ ಇತ್ತು. ಬನಿಯನ್ ಕೊಳ್ಳುತ್ತಿದ್ದುದು ತಿರುಪ್ಪೂರಿನ ಒಂದು ಕಂಪನಿಯಿಂದ. ಕಂಪನಿಯ ಮಾಲೀಕರ ಊರು ಬಾವಿಪಾಳ್ಯ. ಹೀಗೆ ಬನಿಯನ್ ಕೈ ಹಿಡಿದುಕೊಂಡು ಎರಡು ಊರುಗಳು ಸಿಸ್ಟರ್ ಸಿಟಿ ಎಂಬ ಒಪ್ಪಂದದಲ್ಲಿ ಅಕ್ಕತಂಗಿಯರಾಗುವುದೆಂದೂ ಅದಕ್ಕೆ ಮೇಯರೇ ಬರುವುದೆಂದೂ ನಿಶ್ಚಯವಾಯಿತು. ಅಕ್ಕ ಯಾರು, ತಂಗಿ ಯಾರು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿರಲಿಲ್ಲ. ಹನ್ನೊಂದು ಸಾವಿರ ಜನ ಇಟ್ಟುಕೊಂಡು ಎಂಟುನೂರು ಜನದ ಊರಿಗೆ ತಂಗಿಯಾಗುವುದು ಹೇಗೆ ಎಂದು ಪಟ್ಟಣ ಪಂಚಾಯಿತಿ ಅಧ್ಯಕ್ಷ ವೆಂಕಟಾಚಲಂ ಮೀಸೆ ತಿರುವಿದರು. ಅವರಿಗೆ ಚರಿತ್ರೆ ಇದೆಯಲ್ಲ ಎಂದು ಕಂಪನಿಯವರು ಒಂದು ಬಣ್ಣದ ಪುಸ್ತಕವನ್ನು ಮೇಜಿನ ಮೇಲಿಟ್ಟರು.

ಪುಸ್ತಕ ಓದಿ ಹೇಳಲು ಬಂದವಳು ಭಾವನಾ. ಕಂಪನಿಯಲ್ಲಿ ಕೆಲಸ, ಮೈಸೂರಿನ ಕಡೆಯ ಹುಡುಗಿ. ಇಟಾಲಿಯನ್ ಭಾಷೆಯನ್ನು ಕೋರ್ಸು ಮಾಡಿ ಕಲಿತಿದ್ದಳು, ತಮಿಳನ್ನು ಎರಡು ವರ್ಷ ಬಸ್ಸು ಹತ್ತಿ ಇಳಿದು ಕಲಿತಿದ್ದಳು. ಎರಡರಲ್ಲಿ ಇಟಾಲಿಯನ್ನೇ ವಾಸಿಯಾಗಿತ್ತು.

ಅವಳು ಓದುವಾಗ ಮೇಜಿನ ಕೆಳಗೆ ಅಕ್ಕಮ್ಮ ನೆಲ ಒರೆಸುತ್ತಿದ್ದಳು. ಅಕ್ಕಮ್ಮನಿಗೆ ನಲವತ್ತಾರು ವರ್ಷ. ಪಂಚಾಯಿತಿಯ ಕಸ ಗುಡಿಸುವುದು, ಚರಂಡಿ ಎತ್ತುವುದು, ಆಫೀಸು ಒರೆಸುವುದು ಅವಳ ಕೆಲಸ. ಅವಳ ಅಮ್ಮನ ಕೆಲಸವೂ ಅದೇ ಇತ್ತು. ಊರ ಹೊರಗಿನ ಕಾಲನಿಯಲ್ಲಿ, ಅರುಂಧತಿಯರ್ ಎಂಬ ದಲಿತರ ಮನೆಗಳಲ್ಲಿ, ಕೆಲಸವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ, ಹುಟ್ಟಿದ ಕೂಡಲೇ ಅದೇ ಬಂದು ಹಿಡಿದುಕೊಳ್ಳುತ್ತದೆ. ಮೇಜಿನ ಕೆಳಗೆ ಹದಿನಾರು ಕಾಲುಗಳಿದ್ದವು. ಒದ್ದೆ ಬಟ್ಟೆ ಹತ್ತಿರ ಬಂದಾಗ ಕಾಲುಗಳು ತಾವಾಗಿ ಮೇಲೇಳುತ್ತಿದ್ದವು. ಮೇಲಿನ ಮುಖಗಳಿಗೆ ಅದರ ಸುದ್ದಿಯೇ ತಲುಪುತ್ತಿರಲಿಲ್ಲ. ಒಂದು ಜೊತೆ ಮಾತ್ರ ಎದ್ದಿರಲಿಲ್ಲ.

"ಕಾಲೆತ್ತು ಕಣ್ಣು," ಎಂದಳು ಅಕ್ಕಮ್ಮ, ಮನೆಯ ಮಾತಿನಲ್ಲೇ. ಆ ಕಡೆ ಮಗಳೇ ಎನ್ನುವ ಬದಲು ಕಣ್ಣು ಎನ್ನುತ್ತಾರೆ.

ಭಾವನಾ ಓದುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು. ಈ ಊರಿನಲ್ಲಿ ಅವಳ ಕಿವಿಗೆ ಬಿದ್ದ ಮೊದಲ ಕನ್ನಡ ಮೇಜಿನ ಕೆಳಗಿನಿಂದ ಬಂದಿತ್ತು.

ಮೇಲೆ ಚರಿತ್ರೆ ಸಾಗುತ್ತಿತ್ತು. "ನಮ್ಮ ಕೊಮೂನೆಯಲ್ಲಿ ಎಂಟುನೂರ ಹನ್ನೆರಡು ಜನರಿದ್ದೇವೆ" ಎಂಬಲ್ಲಿಗೆ ಬಂದಾಗ ವೆಂಕಟಾಚಲಂ ಕೈ ಎತ್ತಿ ತಡೆದರು. ಅವರ ಕಿವಿಗೆ ಅದು ಕಮ್ಯುನಿಟಿ ಎಂದು ಬಿದ್ದಿತ್ತು. ಕಮ್ಯುನಿಟಿ ಎಂದರೆ ಆ ಜಿಲ್ಲೆಯಲ್ಲಿ ಒಂದೇ ಅರ್ಥ, ತಹಸೀಲ್ದಾರ್ ಕೊಡುವ ಜಾತಿ ಸರ್ಟಿಫಿಕೇಟಿನಲ್ಲಿ ಬರೆದಿರುವುದು. ಇಡೀ ಕಮ್ಯುನಿಟಿಯಲ್ಲಿ ಎಂಟುನೂರೇ ಜನವೇ ಎಂದು ಅವರು ನಿಜವಾಗಿ ಮರುಗಿದರು. ಅವರಿಗೆ ಬಿ.ಸಿ. ಮೀಸಲಾತಿ ಸಿಗುತ್ತದೋ ಎಂ.ಬಿ.ಸಿ. ಸಿಗುತ್ತದೋ ಎಂದು ಒಬ್ಬ ಮೆಂಬರ್ ಕೇಳಿದ. ಕೂತು ಊಟ ಮಾಡುವಾಗ ಪಕ್ಕದಲ್ಲಿ ಯಾರು ಕೂರಬೇಕು ಎಂಬುದು ಗೊತ್ತಾಗಬೇಕಲ್ಲ ಎಂದು ಇನ್ನೊಬ್ಬ ಸೇರಿಸಿದ. ಕೊಮೂನೆ ಎಂದರೆ ಅವರ ಪಂಚಾಯಿತಿ, ಜಾತಿಯಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಭಾವನಾಗೆ ಸಾಕುಸಾಕಾಯಿತು. ಆಮೇಲೆ ಕೌಂಟ್ ಬಂದ. ಸಾವಿರದ ಮುನ್ನೂರ ಮೂವತ್ತೇಳರಲ್ಲಿ ಕೌಂಟ್ ಗೊಫ್ರೇದೊ ಗೋಪುರ ಕಟ್ಟಿದ. ಅವನ ಮಗ ಕೋಟೆಗೋಡೆ ಕಟ್ಟಿದ. ಮೊಮ್ಮಗ ಸೇತುವೆ ಕಟ್ಟಿದ. ಕೌಂಟ್ ಎಂದರೆ ಊರ್ ಗೌಂಡರ್ ಥರ, ಊರಿನ ಗೌಡ ಎಂದು ಅರ್ಥವಾದಾಗ ತಾವೂ ಗೌಂಡರಾದ ವೆಂಕಟಾಚಲಂ ಮುಖ ಅರಳಿತು. ಊಟದಲ್ಲಿ ಮೇಯರ ಪಕ್ಕ ತಾವೇ ಕೂರುವುದೆಂದು ಅಲ್ಲೇ ತೀರ್ಮಾನವಾಯಿತು.

ಅವರಿಗೆ ಗೋಪುರ ಇದ್ದರೆ ನಮಗೆ ಬಾವಿ ಇದೆ ಎಂದರು ಅಧ್ಯಕ್ಷರು. ಊರಿಗೆ ಹೆಸರೇ ಅದರಿಂದ ಬಂದದ್ದು. ನೂರು ವರ್ಷದ ಹಿಂದೆ ಅವರ ಮುತ್ತಾತ ನಲ್ಲಸಾಮಿಯ ಕನಸಿನಲ್ಲಿ ಅಮ್ಮನವರು ಬಂದು ಜಾಗ ತೋರಿಸಿದರು. ಬೆಳಗ್ಗೆ ಎದ್ದು ಮುತ್ತಾತ ತೋಡಿದರು. ನೀರು ಬಂತು. ಚರಿತ್ರೆ ಮೂರು ವಾಕ್ಯದಲ್ಲಿ ಮುಗಿಯಿತು. ಬಾವಿಯ ಹತ್ತಿರ ಒಂದು ಕಲ್ಲು ನೆಡಿಸಿ, ಮೇಯರ ಕೈಯಲ್ಲಿ ಮೊದಲ ಕೊಡ ನೀರು ಸೇದಿಸುವುದು ಎಂದು ಮಿನಿಟ್ಸಿನಲ್ಲಿ ಬರೆದರು.

ಎಲ್ಲರೂ ಟೀ ಕುಡಿಯಲು ಹೋದಾಗ ಅಕ್ಕಮ್ಮ ಬಕೆಟ್ಟು ಹಿಡಿದು ಭಾವನಾಳ ಪಕ್ಕ ನಿಂತಳು.

"ಆ ಪುಸ್ತಕದಾಗೆ ಏನಂತ ಐತೆ ಕಣ್ಣು. ಆ ಗೋಪುರ ಅವನು ಕಟ್ಟಿದನಾ, ಕಟ್ಟಿಸಿದನಾ?"

ಭಾವನಾ ಪುಟ ತಿರುವಿ ನೋಡಿದಳು. "ಕಟ್ಟಿದ ಅಂತಲೇ ಇದೆ ಅಮ್ಮ."

"ಗೋಡೆ?"

"ಕಟ್ಟಿದ."

"ಆ ಬ್ರಿಡ್ಜು?"

"ಅದೂ ಕಟ್ಟಿದ ಅಂತಿದೆ."

ಅಕ್ಕಮ್ಮ ನಕ್ಕಳು. ಹಲ್ಲು ತೋರಿಸದ ನಗು. "ಹಂಗಾದರೆ ಅದೂ ನಮ್ಮೂರೇ ಬಿಡು," ಎಂದು ಬಕೆಟ್ಟು ಎತ್ತಿಕೊಂಡು ಹೋದಳು.

ಅಕ್ಕಮ್ಮನಿಗೆ ಬಾವಿಯ ಕತೆ ಬೇರೆಯಾಗಿ ಗೊತ್ತಿತ್ತು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿದ ಕತೆ. ಅದರಲ್ಲಿ ಕನಸೂ ಇರಲಿಲ್ಲ, ಅಮ್ಮನವರೂ ಇರಲಿಲ್ಲ. ಎರಡಾಳು ಆಳದವರೆಗೆ ಮಣ್ಣು ಬಂತು. ಆಮೇಲೆ ಕಲ್ಲು ಬಂತು. ಕಲ್ಲಿನ ಕೆಳಗೆ ಕಲ್ಲು ಬಂತು. ಅಜ್ಜಿಯ ಅಪ್ಪ ಮಾರ ಬಂಡೆಯ ಮೇಲೆ ಕಟ್ಟಿಗೆ ಸುಟ್ಟು, ಕಾದ ಕಲ್ಲಿಗೆ ನೀರು ಹೊಯ್ದು ಸೀಳಿಸಿ, ಹಾರೆಯಲ್ಲಿ ಎಬ್ಬಿಸಿ ಎಬ್ಬಿಸಿ ಮೂರು ವರ್ಷ ಕೆಳಗಿಳಿದ. ಅವನ ಹೆಂಡತಿ ಬಸುರಿ ಹೊಟ್ಟೆ ಹೊತ್ತುಕೊಂಡೇ ಕಲ್ಲು ಹೊತ್ತಳು. ಬಾವಿಯ ಮಣ್ಣಗುಡ್ಡೆಯ ಮೇಲೆಯೇ ಹೆತ್ತಳು. ಹುಟ್ಟಿದ್ದು ಅಜ್ಜಿ. ನೀರು ಚಿಮ್ಮಿದ ದಿನ ಪಕ್ಕದ ಬಂಡೆ ಜಾರಿ ಮಾರನ ಎದೆಯ ಮೇಲೆ ಕೂತಿತು. ಕಪಿಲೆಯ ಹಗ್ಗಕ್ಕೆ ಕಟ್ಟಿ ಹೆಣವನ್ನು ಮೇಲೆಳೆದರು. ಹೆಣ ಮೇಲೆ ಬರುವಷ್ಟರಲ್ಲಿ ನೀರು ಮೊಳಕಾಲುದ್ದ ಏರಿತ್ತು. ನಲ್ಲಸಾಮಿ ಅರಿಸಿನ ಕುಂಕುಮ ಹಾಕಿ ಗಂಗೆಗೆ ಕೈ ಮುಗಿದರು. ಹನ್ನೊಂದನೇ ದಿನ ಮಾರನ ಹೆಂಡತಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಒಂದು ಕೊಡ ನೀರಿಗೆ ಬಂದಳು. ಕಟ್ಟೆ ಮುಟ್ಟಬೇಡ, ದೂರ ನಿಲ್ಲು ಎಂದರು. ನಿಂತಳು. ಯಾರೋ ಮೇಲಿನಿಂದ ಸುರಿದರು. ಅಲ್ಲಿಂದ ಎಪ್ಪತ್ತು ವರ್ಷ, ಕಾಲನಿಗೆ ನಲ್ಲಿ ಬರುವವರೆಗೂ, ಹಾಗೆಯೇ ಸುರಿದರು.

ಕತೆ ಮುಗಿದಾಗ ಅಜ್ಜಿ ಪ್ರತಿ ಸಲವೂ ಕೇಳುತ್ತಿದ್ದಳು, ಬಾವಿ ತೋಡಿದೋರು ಯಾರು ಅಂತ. ಮಾರ ಎಂದು ಹೇಳದೆ ಮೊಮ್ಮಗಳನ್ನು ಮಲಗಲು ಬಿಡುತ್ತಿರಲಿಲ್ಲ. ಮರುದಿನ ಭಾವನಾ ಕೇಳಿದಾಗ ಅಕ್ಕಮ್ಮ ಈ ಕತೆಯನ್ನು ಅವಳಿಗೂ ಹೇಳಿದಳು.

ಬಾವಿ ಈಗ ಊರಿನ ಕಸದ ತೊಟ್ಟಿಯಾಗಿತ್ತು. ಅದನ್ನು ಚರಿತ್ರೆ ಮಾಡಬೇಕಾದರೆ ಮೊದಲು ಹೂಳೆತ್ತಬೇಕು. ಯಾರು ಎತ್ತಬೇಕು ಎಂಬುದನ್ನು ಮಿನಿಟ್ಸಿನಲ್ಲಿ ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಅಕ್ಕಮ್ಮ, ಅವಳ ಗಂಡ ರಂಗಸಾಮಿ, ಪಕ್ಕದ ಮನೆಯ ಪಳನಿಯಮ್ಮ, ಇನ್ನು ನಾಲ್ವರು ಬುಟ್ಟಿ ಹಿಡಿದು ಇಳಿದರು.

ಬಾವಿಯ ಗೋಡೆಯಿಂದ ಚಾಚಿದ ಕಲ್ಲುಮೆಟ್ಟಿಲುಗಳು ಮುಕ್ಕಾಲು ಆಳದವರೆಗೆ ಇದ್ದವು. ಅಲ್ಲೊಂದು ಅಟ್ಟಣೆಯಂಥ ಬಂಡೆ. ಅಲ್ಲಿಂದ ತಳಕ್ಕೆ ಬಿದಿರೇಣಿ. ತಳದಲ್ಲಿ ಏನಿರಲಿಲ್ಲ? ಬನಿಯನ್ ತುಂಡು, ಒಡೆದ ಸಾರಾಯಿ ಬಾಟಲಿ, ಸತ್ತ ನಾಯಿ, ಹೋದ ಚುನಾವಣೆಯ ಬಾವುಟ, ಮಗ್ಗದ ಮುರಿದ ಹಲಗೆ, ಚಿಕ್ಕ ಮಕ್ಕಳ ಚಡ್ಡಿ. ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಕಾರ್ಖಾನೆಯ ಕೆಸರು ಇವೆಲ್ಲವನ್ನೂ ಕಲಸಿ ಒಂದೇ ಕುಲ ಮಾಡಿತ್ತು. ಕೈಯಲ್ಲೇ ಬಾಚಿದರು. ಬುಟ್ಟಿ ತುಂಬಿದರು. ತಲೆಯ ಮೇಲಿಟ್ಟು ಏಣಿ ಹತ್ತಿದರು, ಮೆಟ್ಟಿಲು ಹತ್ತಿದರು. ಬುಟ್ಟಿಯಿಂದ ಸೋರಿದ್ದು ಹಣೆಯ ಮೇಲೆ, ಬಾಯಿಯ ಮೇಲೆ, ರವಿಕೆಯೊಳಕ್ಕೆ ಇಳಿಯಿತು. ಮೊದಲ ದಿನ ವಾಂತಿ ಬಂತು. ಎರಡನೇ ದಿನ ಚರ್ಮ ಉರಿಯಿತು. ಮೂರನೇ ದಿನಕ್ಕೆ ಅಕ್ಕಮ್ಮನ ಬಲಗೈ ಮೊಣಕೈವರೆಗೂ ನೇರಳೆ, ರಂಗಸಾಮಿಯ ಕಾಲು ಹಸಿರು. ತಿರುಪ್ಪೂರಿನಲ್ಲಿ ಈ ಬಣ್ಣ ಹಾಕಿಸಿಕೊಳ್ಳಲು ವಿದೇಶದವರು ಕಾಯುತ್ತಾರೆ, ನಮಗೆ ಪುಕ್ಕಟೆ ಸಿಕ್ಕಿತು ಎಂದಳು ಪಳನಿಯಮ್ಮ.

ಮೂರನೇ ದಿನ ಮಧ್ಯಾಹ್ನ ಬಂಡೆ ಕಂಡಿತು. ಬಂಡೆಯ ಮೇಲೆ ಹಾರೆಯ ಗುರುತುಗಳು. ಸಾಲುಸಾಲು, ಓರೆಯಾಗಿ, ಒಂದೇ ಕೈಯ ಏಟು. ಅಕ್ಕಮ್ಮ ನೇರಳೆ ಕೈಯನ್ನು ಒಂದು ಗುರುತಿನೊಳಗಿಟ್ಟಳು. ಬೆರಳು ಸರಿಯಾಗಿ ಕೂತವು. ಅವಳು ಅಳಲಿಲ್ಲ. ತಳದಲ್ಲಿ ಒಸರಿದ ನೀರು ಪಾದ ಮುಚ್ಚುವವರೆಗೂ ಅಲ್ಲೇ ನಿಂತಿದ್ದಳು.

ಅವರು ಮೇಲೆ ಬಂದ ಕೂಡಲೇ ಪೂಜಾರಿ ಬಂದ. ಬಿಂದಿಗೆ ಅರಿಸಿನದ ನೀರು ಸುರಿದ. ಮಂತ್ರ ಹೇಳಿದ. ಕಾಲನಿಯವರು ಇಳಿದಿದ್ದರಿಂದ ಆದ ಮೈಲಿಗೆ ಕಳೆಯಿತು. ಸತ್ತ ನಾಯಿಗೂ ಸಾರಾಯಿ ಬಾಟಲಿಗೂ ಮಂತ್ರ ಬೇಕಾಗಿರಲಿಲ್ಲ. ಅವು ಊರಿನವರೇ ಹಾಕಿದ್ದವು.

ಮರುದಿನ ಕಲ್ಲು ಬಂತು. ಕಪ್ಪು, ನುಣುಪು, ಆಳೆತ್ತರದ್ದು. ಕಲ್ಲು ಕೆತ್ತುವ ಮಯಿಲ್‌ಸಾಮಿ ಬಾವಿಯ ಪಕ್ಕದಲ್ಲೇ ನೆರಳಿಗೆ ಚಪ್ಪರ ಹಾಕಿ ಕೂತ. ಅಕ್ಕಮ್ಮ ನಾಲ್ಕನೇ ಕ್ಲಾಸಿನವರೆಗೆ ತಮಿಳು ಓದಿದವಳು. ಕಸ ಗುಡಿಸುತ್ತ ಗುಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿದಳು. ಮೇಲಿನ ಸಾಲು, ಈ ಬಾವಿಯನ್ನು ತೋಡಿದವರು ನಲ್ಲಸಾಮಿ ಅವರು. ಎರಡನೇ ಸಾಲು, ಹೂಳೆತ್ತಿ ಶುಚಿಗೊಳಿಸಿದವರು ವೆಂಕಟಾಚಲಂ ಅವರು. ಕೆಳಗೆ ರೊಕ್ಕಲಾನಾದ ಮೇಯರು, ಕಂಪನಿಯ ಮಾಲೀಕರು, ಎಂಟು ಜನ ಮೆಂಬರುಗಳು. ಮುತ್ತಾತ ಬಾವಿ ತೋಡಿದ, ಮರಿಮೊಮ್ಮಗ ಹೂಳೆತ್ತಿದ. ಪಾಪ, ವಂಶವೇ ಕಷ್ಟಜೀವಿ.

ಕಲ್ಲಿನ ತಳದಲ್ಲಿ ಎರಡು ಬೆರಳಗಲ ಜಾಗ ಉಳಿದಿತ್ತು. ಅಲ್ಲಿ ಮಾರನ ಹೆಸರು ಹಾಕಲು ಆಗುತ್ತದೆಯೇ ಎಂದು ಅಕ್ಕಮ್ಮ ಕೇಳಿದಳು. ಅದು ಕೆತ್ತುವವನು ತನ್ನ ಹೆಸರು ಹಾಕಿಕೊಳ್ಳುವ ಜಾಗ, ತಲೈವರು, ಎಂದರೆ ಅಧ್ಯಕ್ಷರು, ಹೇಳಿದರೆ ಎಲ್ಲಿ ಬೇಕಾದರೂ ಕೆತ್ತುತ್ತೇನೆ ಎಂದ ಮಯಿಲ್‌ಸಾಮಿ. ಒಳ್ಳೆಯವನು. ಯಾರು ಹೇಳಿದರೂ ಕೆತ್ತುವವನು.

ಅಕ್ಕಮ್ಮ ಅಧ್ಯಕ್ಷರ ಬಾಗಿಲಿಗೆ ಹೋದಳು. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಕೆಳಗೆ ನಿಂತಳು. ಇಪ್ಪತ್ತೈದು ವರ್ಷದ ಕೆಲಸದಲ್ಲಿ ಅವಳು ಏನನ್ನೂ ಕೇಳಿದವಳಲ್ಲ. ಒಂದು ಹೆಸರು ಬೇಕು ಎಂದಳು, ತಮಿಳಿನಲ್ಲಿ. ಮೂರು ಅಕ್ಷರ. ಮಾರನ್.

ವೆಂಕಟಾಚಲಂ ಕೋಪಿಸಿಕೊಳ್ಳಲಿಲ್ಲ. ಅವರು ಒಳ್ಳೆಯ ಮನಸ್ಸಿನಲ್ಲಿದ್ದರು, ಮೀಸೆಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದರು. "ಅಕ್ಕಮ್ಮ, ನಾನು ಈ ಮನೆ ಕಟ್ಟಿದೆ. ಮೇಸ್ತ್ರಿ ಹೆಸರು ಬಾಗಿಲ ಮೇಲೆ ಬರೆಸಿದೀನಾ?"

"ಮೇಸ್ತ್ರಿ ಇದರೊಳಗೆ ಸಾಯಲಿಲ್ಲ ಸಾಮಿ. ಕಟ್ಟಿ ಮುಗಿಸಿ ನಿಮ್ಮ ಒಳಮನೇಲಿ ಕೂತು ಕಾಫಿ ಕುಡಿದು ಹೋದ."

ವೆಂಕಟಾಚಲಂ ಬಣ್ಣ ಹಚ್ಚುವವನ ಕೈಯನ್ನು ಪಕ್ಕಕ್ಕೆ ಸರಿಸಿದರು. ತೋಡಿದ್ದು ನಮ್ಮ ಮುತ್ತಾತ, ನಿಮ್ಮವರಿಗೆ ಆವತ್ತಿನ ರಾಗಿ ಆವತ್ತೇ ಕೊಟ್ಟಾಗಿದೆ ಎಂದರು. ವಿದೇಶದವರು ಬಂದು ಹೋಗುವವರೆಗೂ ಈ ಮಾತು ಎಲ್ಲೂ ಎತ್ತಬಾರದು ಎಂದರು. ಎತ್ತಿದರೆ ಕೆಲಸಕ್ಕೆ ಬೇರೆಯವರಿದ್ದಾರೆ ಎಂದರು. ಆಮೇಲೆ ಕನ್ನಡಿ ಕಡೆಗೆ ತಿರುಗಿದರು.

ರಾತ್ರಿ ರಂಗಸಾಮಿಗೆ ಇದನ್ನು ಹೇಳಿದಳು. ಒಂದು ಹೆಸರಿಗಾಗಿ ಕೆಲಸ ಕಳೆದುಕೊಳ್ಳುತ್ತೀಯಾ ಎಂದು ಕೇಳಬೇಕೆಂದಿದ್ದ. ಅವಳು ನೇರಳೆ ಕೈಯಲ್ಲಿ ಮುದ್ದೆ ಮುರಿಯುವುದನ್ನು ನೋಡಿ ಕೇಳಲಿಲ್ಲ.

ಕಾರ್ಯಕ್ರಮದ ದಿನ ಬೆಳಗ್ಗೆ ಆರಕ್ಕೆಲ್ಲ ಕಾಲನಿ ಮಾಯವಾಯಿತು. ರಸ್ತೆಯುದ್ದಕ್ಕೂ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಒಂದು ಕಡೆ ರೊಕ್ಕಲಾನಾದ ಗೋಪುರ, ಇನ್ನೊಂದು ಕಡೆ ವೆಂಕಟಾಚಲಂ, ನಡುವೆ ಹಸಿರು ಗದ್ದೆ, ಗದ್ದೆಯಲ್ಲಿ ಹಂಸಗಳು. ಹನ್ನೆರಡು ಗಂಟೆಯವರೆಗೆ ಯಾರೂ ಫ್ಲೆಕ್ಸ್ ದಾಟಿ ಬರಬಾರದು ಎಂದು ಹೇಳಿಹೋಗಿದ್ದರು. ಪಳನಿಯಮ್ಮ ಫ್ಲೆಕ್ಸಿನ ಹಿಂಬದಿಯ ಬಿಳಿಯನ್ನು ನೋಡುತ್ತ, ನಾವೀಗ ಹಂಸದ ಹೊಟ್ಟೆಯೊಳಗೆ ಇದ್ದೀವಿ ಎಂದಳು.

ಏಳು ಗಂಟೆಗೆ ಒಬ್ಬ ಮೆಂಬರ್ ಫ್ಲೆಕ್ಸಿನ ಅಂಚು ಎತ್ತಿ ಅಕ್ಕಮ್ಮನನ್ನು ಕರೆದ. ರಾತ್ರಿ ಕಾರ್ಯಕ್ರಮದ ಪೆಂಡಾಲು ಕಟ್ಟುವಾಗ ಥರ್ಮಾಕೋಲು, ಪ್ಲಾಸ್ಟಿಕ್ ಲೋಟ ಬಾವಿಯೊಳಗೆ ಬಿದ್ದು ತೇಲುತ್ತಿವೆ. ಬೇಗ ಇಳಿದು ತೆಗೆದುಬಿಡು ಎಂದ. ಮತ್ತೆ ಇಳಿದರೆ ಮತ್ತೆ ಮೈಲಿಗೆಯಲ್ಲವೇ ಎಂದು ಅವಳು ಕೇಳಿದಳು. ಪೂಜಾರಿಗೆ ಈಗ ಪುರುಸೊತ್ತಿಲ್ಲ, ಯಾರೂ ನೋಡದಿದ್ದರೆ ಆಯಿತು ಎಂದು ಅವನು ಅತ್ತ ಇತ್ತ ನೋಡಿದ.

ಅಕ್ಕಮ್ಮ ಇಳಿದಳು. ನೀರು ಮೊಳಕಾಲಿಗೆ ಬಂದಿತ್ತು. ತಂಪಾಗಿ, ತಿಳಿಯಾಗಿ. ಲೋಟಗಳನ್ನು ಆರಿಸಿ ಚೀಲಕ್ಕೆ ಹಾಕಿದಳು. ಚೀಲವನ್ನು ಅಟ್ಟಣೆಯ ಮೇಲಿಟ್ಟು ಕೆಳಗೆ ಬಂದಳು. ಮುಖ ತೊಳೆಯೋಣ ಎಂದು ಬೊಗಸೆಯಲ್ಲಿ ನೀರೆತ್ತಿದಳು. ಎತ್ತಿದವಳು ಕುಡಿದಳು. ಅವಳ ಕಡೆಯವರು ನೂರು ವರ್ಷದಲ್ಲಿ ಈ ಬಾವಿಯ ನೀರನ್ನು ತಾವಾಗಿ ಎತ್ತಿ ಕುಡಿದದ್ದು ಅದೇ ಮೊದಲು. ಇನ್ನೊಂದು ಬೊಗಸೆ ಕುಡಿದಳು. ಮೇಲೆ ಮೆಂಬರ್ ಬೇಗ ಬೇಗ ಎನ್ನುತ್ತಿದ್ದ. ಅಷ್ಟರಲ್ಲಿ ಅವನನ್ನು ಯಾರೋ ಕರೆದರು, ಹೋದ.

ಬಿದಿರೇಣಿ ಅಟ್ಟಣೆಗೆ ಒರಗಿ ನಿಂತಿತ್ತು. ಅಕ್ಕಮ್ಮ ಅದನ್ನು ನೋಡಿದಳು. ಎರಡು ಕೈಯಲ್ಲಿ ಹಿಡಿದು ಎಳೆದಳು. ಏಣಿ ಜಾರಿ ಬಂತು. ನೀರಿನಲ್ಲಿ ಮಲಗಿಸಿ ಅದರ ಮೇಲೆ ಕೂತಳು.

ಹತ್ತು ಗಂಟೆಗೆ ನಾದಸ್ವರ ಕೇಳಿಸಿತು. ಮೈಕಿನ ಮಾತು ಬಾವಿಯೊಳಗೆ ಗುಂಯ್‌ಗುಟ್ಟುತ್ತ ಇಳಿಯಿತು. ಮೇಯರಿಗೆ ಪೇಟ ಕಟ್ಟಿದರಂತೆ. ಶಾಲು ಹೊದಿಸಿದರಂತೆ. ಅಧ್ಯಕ್ಷರ ಭಾಷಣ ಶುರುವಾಯಿತು. ನನ್ನ ಮುತ್ತಾತ ತನ್ನ ಕೈಯಾರೆ ತೋಡಿದ ಬಾವಿ ಎಂದರು. ಭಾವನಾಳ ದನಿ ಅದನ್ನು ಇಟಾಲಿಯನ್ನಿಗೆ ತಿರುಗಿಸಿತು. ಮೇಯರು ಏನೋ ಕೇಳಿದ. ಅರವತ್ತಡಿ ಬಂಡೆಯನ್ನು ಒಬ್ಬರೇ ತೋಡಿದರೇ ಎಂದು ಕೇಳುತ್ತಿದ್ದಾರೆ ಎಂದಳು ಭಾವನಾ. ಅಮ್ಮನವರ ಕೃಪೆ ಇತ್ತು ಎಂದರು ವೆಂಕಟಾಚಲಂ. ಚಪ್ಪಾಳೆ ಬಿತ್ತು.

ಆಮೇಲೆ ರಾಟೆ ಕಿರುಗುಟ್ಟಿತು. ಹೂವು ಸುತ್ತಿದ ಹಿತ್ತಾಳೆ ಕೊಡ ತೂಗುತ್ತ ಇಳಿಯಿತು. ಅಕ್ಕಮ್ಮ ಎದ್ದು ನಿಂತು ಹಗ್ಗ ಹಿಡಿದಳು. ಮೇಲಿನಿಂದ ಎಳೆದರು. ಬರಲಿಲ್ಲ. ಇಬ್ಬರು ಸೇರಿ ಎಳೆದರು. ಇಪ್ಪತ್ತೈದು ವರ್ಷ ಚರಂಡಿ ಎತ್ತಿದ ತೋಳು, ಬಿಡಲಿಲ್ಲ.

ದುಂಡಗಿನ ಆಕಾಶದ ಸುತ್ತ ತಲೆಗಳು ಮೂಡಿದವು. ಒಂದಕ್ಕೆ ಪೇಟ ಇತ್ತು.

"ಹಗ್ಗ ನಾನು ಹಿಡಿದಿದೀನಿ," ಎಂದಳು ಅಕ್ಕಮ್ಮ. ಕನ್ನಡದಲ್ಲಿ ಹೇಳಿದಳು. ತಮಿಳಿನಲ್ಲಿ ಅವಳ ಬಾಯಿಗೆ ರೂಢಿಯಾಗಿದ್ದುದು ಸಾಮಿ ಎನ್ನುವುದು, ಆಗಲಿ ಎನ್ನುವುದು. ಬಾವಿಯ ಕತೆಯನ್ನು ಅವಳು ಕನ್ನಡದಲ್ಲೇ ಕೇಳಿದ್ದಳು. "ಈ ಬಾವಿ ತೋಡಿದೋರು ಯಾರು ಅಂತ ಹೇಳಿ, ಬಿಡ್ತೀನಿ."

ಬಾವಿಯ ಗೋಡೆ ಅವಳ ದನಿಯನ್ನು ನಾಲ್ಕು ಪಟ್ಟು ಮಾಡಿ ಮೇಲಕ್ಕೆ ಕಳಿಸಿತು. ಅಜ್ಜಿಯ ಬೇರೆ ಕತೆಗಳಲ್ಲಾಗಿದ್ದರೆ ಬಾವಿಯೊಳಗಿಂದ ಮಾತಾಡುವುದು ಏಳು ಹೆಡೆಯ ಸರ್ಪ, ಇಲ್ಲದಿದ್ದರೆ ಗಂಗವ್ವ. ಅವರಿಗೆ ಜನ ಅಡ್ಡ ಬೀಳುತ್ತಾರೆ. ಇಲ್ಲಿ ಕಸ ಗುಡಿಸುವವಳು. ವಿದೇಶದವರು ಇದೂ ಕಾರ್ಯಕ್ರಮದಲ್ಲಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಮಿಂಚಿದವು.

ಅಧ್ಯಕ್ಷರು ಹಲ್ಲು ಕಚ್ಚಿ ತಮಿಳಿನಲ್ಲಿ ಹೇಳಿದ್ದು ಬಾವಿಯ ತಳಕ್ಕೂ ಸ್ಪಷ್ಟವಾಗಿ ಕೇಳಿಸಿತು. ಬಾವ್ನಾ ಮೇಡಂ, ಇದು ನಮ್ಮ ಕಡೆಯ ಗಂಗೆಪೂಜೆಯ ಹಾಡು ಎಂದು ಹೇಳಿಬಿಡಿ.

ಭಾವನಾ ಮೇಯರ ಕಡೆಗೆ ತಿರುಗಿದಳು. ಅವಳ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಆದರೂ ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು. ಅಷ್ಟು ಉದ್ದದ ಹಾಡು ಯಾವ ಪೂಜೆಯಲ್ಲೂ ಇಲ್ಲ. ಚಪ್ಪಾಳೆ ನಿಂತುಹೋಯಿತು. ಪೇಟದ ತಲೆ ಬಾವಿಯೊಳಕ್ಕೆ ಇನ್ನಷ್ಟು ಬಾಗಿತು.

"ಅವರಿಗೂ ಒಂದು ಕೇಳು ಕಣ್ಣು," ಎಂದಳು ಅಕ್ಕಮ್ಮ. "ಅವರ ಗೋಪುರಕ್ಕೆ ಕಲ್ಲು ಹೊತ್ತೋರ ಹೆಸರು ಹೇಳು ಅನ್ನು. ಒಂದು ಹೆಸರು ಸಾಕು."

ಮೇಲೆ ಇಟಾಲಿಯನ್ ಮಾತು ನಡೆಯಿತು. ನಿಂತಿತು. ಮತ್ತೆ ನಡೆಯಿತು.

"ಏನಂತಾರೆ?"

"ಕೌಂಟ್‌ಗಳ ಹೆಸರು ಹೇಳ್ತಿದ್ದಾರೆ ಅಮ್ಮ."

"ಕಲ್ಲು ಹೊತ್ತೋರದ್ದು?"

"ಗೊತ್ತಿಲ್ಲವಂತೆ."

"ಒಂದೂ?"

"ಒಂದೂ."

ಆರುನೂರ ಎಪ್ಪತ್ತು ವರ್ಷದ ಊರಿನ ಮೇಯರೂ ನಾಲ್ಕು ದಿನದ ಚರಿತ್ರೆಯ ಅಧ್ಯಕ್ಷರೂ ಭುಜಕ್ಕೆ ಭುಜ ತಾಗಿಸಿ ಬಾವಿಯೊಳಗೆ ನೋಡುತ್ತ ನಿಂತರು. ಅಕ್ಕತಂಗಿಯರೆಂದರೆ ಹೀಗಿರಬೇಕು. ಇಬ್ಬರ ಬಾಯಲ್ಲೂ ಒಂದು ಹೆಸರು ಹೊರಡಲಿಲ್ಲ.

ಇಳಿದು ಎಳೆದುಕೊಂಡು ಬನ್ನಿ ಎಂದು ಅಧ್ಯಕ್ಷರು ಹೇಳಿದರು. ಯಾರಿಗೆ ಹೇಳಿದರು ಎಂದು ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಟ್ಟಣೆಯವರೆಗೆ ಒಬ್ಬ ಇಳಿದ. ಅಲ್ಲಿಂದ ಕೆಳಗೆ ಏಣಿಯಿಲ್ಲ. ಹಗ್ಗ ಕಟ್ಟಿ ಇಳಿದರೆ ಅವಳನ್ನು ಮುಟ್ಟಬೇಕು. ತೋಳು ಹಿಡಿಯಬೇಕು. ಉಟ್ಟದ್ದು ಹೊಸ ಬಿಳಿ ಪಂಚೆ ಬೇರೆ. ಅವನು ಚೀಲದಲ್ಲಿದ್ದ ಪ್ಲಾಸ್ಟಿಕ್ ಲೋಟಗಳನ್ನು ಎಣಿಸುವವನಂತೆ ಸ್ವಲ್ಪ ಹೊತ್ತು ನಿಂತಿದ್ದು ಮೇಲೆ ಹೋದ. ಕಾಲನಿಯವರನ್ನು ಕರೆಯಿರಿ ಎಂದರು.

ಕಾಲನಿಯವರು ಆಗಲೇ ಬಂದಿದ್ದರು. ಹಂಸದ ಹೊಟ್ಟೆ ಹರಿದಿತ್ತು. ಮಾತಿಗೆ ಹೊಸಬನಾದ ರಂಗಸಾಮಿ ಕಟ್ಟೆಯಿಂದ ದೂರದಲ್ಲಿ, ಕೈಕಟ್ಟಿ, ನೂರು ವರ್ಷದಿಂದ ನಿಲ್ಲಿಸಿದ ಜಾಗದಲ್ಲೇ ನಿಂತು ಹೇಳಿದ್ದು ಅವನ ಹೆಂಡತಿಗೂ ಕೇಳಿಸಿತು.

"ಬಾವಿಗೆ ಶುದ್ಧಿ ಮಾಡಿಸಿದೀರಲ್ಲ ಸಾಮಿ. ನಾವು ಇಳಿಯೋ ಹಂಗಿಲ್ಲ."

ಯಾರೋ ಒಬ್ಬ ಹೆಂಗಸು ಕಿಸಕ್ಕೆಂದಳು. ಪಳನಿಯಮ್ಮನೇ ಇರಬೇಕು. ಅಕ್ಕಮ್ಮ ತಳದಲ್ಲಿ ನಿಂತು ತಾನೂ ನಕ್ಕಳು, ಈ ಸಲ ಹಲ್ಲು ತೋರಿಸಿ. ಹದಿನೆಂಟು ವರ್ಷ ಸಂಸಾರ ಮಾಡಿದ್ದಳು, ಈ ಗಂಡಸಿಗೆ ತಮಾಷೆ ಬರುತ್ತದೆ ಎಂಬುದು ಗೊತ್ತಿರಲಿಲ್ಲ.

ಸೂರ್ಯ ಮೇಲೇರಿದ. ಬಿಸಿಲು ಗೋಡೆಯ ಮೇಲೆ ಮೊಳ ಮೊಳವಾಗಿ ಇಳಿಯುತ್ತ ಬಂತು. ಮದುವೆಮಂಟಪದಲ್ಲಿ ಎಲೆ ಹಾಕಿಯಾಗಿದೆ ಎಂದು ಯಾರೋ ನೆನಪಿಸಿದರು. ಮೇಯರನ್ನು ಕೈಹಿಡಿದು ಕರೆದುಕೊಂಡು ಹೋದರು. ಅವನು ತಿರುಗಿ ತಿರುಗಿ ನೋಡುತ್ತ ಹೋದ ಎಂದು ಪಳನಿಯಮ್ಮ ಆಮೇಲೆ ಹೇಳಿದಳು. ನೋಡುವುದಕ್ಕೇನು, ಆರುನೂರು ವರ್ಷದಿಂದ ಗೋಪುರವನ್ನೂ ನೋಡುತ್ತಲೇ ಇದ್ದರಲ್ಲ. ಭಾವನಾ ಊಟಕ್ಕೆ ಹೋಗಲಿಲ್ಲ. ಅವಳ ಮಾಲೀಕರು ಅವಳನ್ನು ಕರೆಯಲೂ ಇಲ್ಲ.

ವೆಂಕಟಾಚಲಂ ಒಬ್ಬರೇ ಬಾಗಿದರು. ದನಿ ಬದಲಾಗಿತ್ತು. ಸರಿ, ಹೆಸರು ಹಾಕಿಸುತ್ತೇನೆ, ಹತ್ತಿ ಬಾ ಎಂದರು. ಅಮ್ಮನವರ ಆಣೆ ಎಂದರು. ಅಕ್ಕಮ್ಮ ಹಗ್ಗ ಬಿಡಲಿಲ್ಲ.

"ಬಾಯಲ್ಲಿ ಬೇಡ ಸಾಮಿ, ಉಳಿಯಲ್ಲಿ ಹೇಳಿ. ನನಗೆ ಇಲ್ಲಿಗೆ ಕೇಳಿಸತ್ತೆ."

ಆಮೇಲೆ ಅಧ್ಯಕ್ಷರು ಮಯಿಲ್‌ಸಾಮಿಯ ಕಿವಿಯಲ್ಲಿ ಏನೋ ಹೇಳಿದರು. ಅದೊಂದು ಮಾತ್ರ ಬಾವಿಗೆ ಕೇಳಿಸಲಿಲ್ಲ. ಆಮೇಲೆ ಉಳಿಯ ಸದ್ದು ಬಂತು. ಟಣ್ ಟಣ್ ಟಣ್. ಬಂಡೆಯ ಗೋಡೆ ಆ ಸದ್ದನ್ನು ಹಿಡಿದು ಸುತ್ತಲೂ ತಿರುಗಿಸಿತು. ಅಕ್ಕಮ್ಮ ಕಣ್ಣು ಮುಚ್ಚಿದಳು. ಮೇಲಿನಿಂದ ಬರುತ್ತಿದೆಯೋ ತಾನು ನಿಂತ ಬಂಡೆಯೊಳಗಿನಿಂದಲೇ ಬರುತ್ತಿದೆಯೋ ಎನ್ನುವಂತಿತ್ತು. ಒಂದು ಅಕ್ಷರ ಆಯಿತು. ಉಳಿ ಸ್ವಲ್ಪ ನಿಂತು ಜಾಗ ಬದಲಿಸಿತು. ಎರಡನೆಯದು. ಮೂರನೆಯದು. ಕೊನೆಗೆ ಒಂದು ಸಣ್ಣ ಏಟು, ತಮಿಳಿನಲ್ಲಿ ನ್ ಮೇಲಿಡುವ ಚುಕ್ಕೆಯದು.

ಕೆತ್ತಿದೆ ಅಕ್ಕಾ ಎಂದು ಮಯಿಲ್‌ಸಾಮಿ ಕೂಗಿ ಹೇಳಿದ.

ಅಕ್ಕಮ್ಮನ ಕಾಲು ಮರಗಟ್ಟಿದ್ದವು. ಹಗ್ಗ ಬಿಟ್ಟಳು. ಏಣಿಯ ತುದಿ ಹಿಡಿದು ಎತ್ತಿದಳು. ನೆನೆದ ಬಿದಿರು ಹೆಣದಷ್ಟು ಭಾರವಾಗಿತ್ತು. ಎದೆಗೆ ಒತ್ತಿ, ಭುಜಕ್ಕೆ ಕೊಟ್ಟು, ಅಟ್ಟಣೆಗೆ ಒರಗಿಸಿದಳು. ಬಲಗಾಲನ್ನು ಏಣಿಯ ಮೊದಲ ಹಲ್ಲಿನ ಮೇಲಿಟ್ಟಳು.

ಆಗ ಪಳನಿಯಮ್ಮನ ತಲೆ ಆಕಾಶದ ಅಂಚಿಗೆ ಬಂತು. ಕಟ್ಟೆಗೆ ಎರಡೂ ಕೈ ಊರಿ ಬಾಗಿದ್ದಳು.

"ಅಕ್ಕಾ, ಕಲ್ಲಿನ ಬುಡದಾಗೆ ಹಾಕವ್ರೆ. ಮಯಿಲ್‌ಸಾಮಿ ತನ್ನ ಹೆಸರು ಹಾಕೋ ಜಾಗದಾಗೆ. ಓದಿದೋರು ಈ ಕಲ್ಲು ಕೆತ್ತಿದೋನು ಮಾರನ್ ಅಂತಾರೆ. ಮೇಲಿನ ಸಾಲಿನಾಗೆ ತೋಡಿದೋರು ನಲ್ಲಸಾಮಿ ಅವರೇ ಅವ್ರೆ."

ಬಾವಿ ಆ ಮಾತನ್ನೂ ನಾಲ್ಕು ಸಲ ಹೇಳಿತು.

ಅಕ್ಕಮ್ಮ ಹಲ್ಲಿನ ಮೇಲಿಂದ ಕಾಲು ತೆಗೆದಳು.

"ಮೇಲಿನ ಸಾಲು ಒಡೆದು ಹಾಕಕ್ಕೆ ಹೇಳು," ಎಂದಳು. "ಆಗಲ್ಲ ಅಂದರೆ ಬೇರೆ ಕಲ್ಲು ತರಲಿ. ನಾನಿಲ್ಲೇ ಇರ್ತೀನಿ."

ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದು ಕೈಬಿಟ್ಟಳು. ಅದು ನೀರಿಗೆ ಬಿದ್ದ ಸದ್ದಿಗೆ ಮೇಲಿನ ತಲೆಗಳೆಲ್ಲ ಒಂದೇ ಸಲ ಹಿಂದೆ ಸರಿದವು.